ತೊರಕೆಯ ಲೆಕ್ಕ
(ಬೂದಿಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಉಪನ್ಯಾಸಕ್ಕೆ ಕರೆದಾಗ ವಿಷಯ ನಿಮ್ಮದೇ ಆಯ್ಕೆ ಎಂದರು. ತೊರಕೆ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೀನಾ ಸಾರ್?" ಎಂದು ಕೇಳಿದರು. ಹೌದು, ಮೀನೇ. ಅದೂ ಸಮುದ್ರದ ಮೀನು. ಕೆರೆ ಬತ್ತಿದರೆ ಟ್ಯಾಂಕರ್ ಕಾಯುವ ಕೋಲಾರ ಜಿಲ್ಲೆಯಲ್ಲಿ ನಿಂತು ಸಮುದ್ರದ ಮೀನಿನ ಮಾತೇಕೆ ಎಂದು ನಿಮಗೆ ಅನ್ನಿಸಿದ್ದರೆ ಅದು ನ್ಯಾಯವೇ.

ಆದರೆ ಸಮುದ್ರ ಈ ಊರಿಗೆ ತೀರಾ ಹೊರಗಿನದಲ್ಲ ಎಂದು ವಾದಿಸಲು ನನ್ನ ಹತ್ತಿರ ಎರಡು ಸಾಕ್ಷಿಗಳಿವೆ. ಒಂದು, ಇಲ್ಲಿ ಹುಟ್ಟಿದ ಹೈದರ್ ಅಲಿ. 1763ರಲ್ಲಿ ಬಿದನೂರು ಗೆದ್ದು ಮಂಗಳೂರನ್ನು ಕೈಗೆ ತೆಗೆದುಕೊಂಡ ಮೇಲೆ ಈ ಬಯಲುಸೀಮೆಯವನು ಕರಾವಳಿಯಲ್ಲಿ ಹಡಗು ಕಟ್ಟಿಸಲು ಹೊರಟ. ಇನ್ನೊಂದು, ಊರ ಪಕ್ಕದ ಮಾರ್ಕಂಡೇಯ ಜಲಾಶಯ. ಇಲ್ಲಿಂದ ಕೋಡಿ ಹರಿದ ನೀರು ಕೃಷ್ಣಗಿರಿಯ ಕಡೆಗಿಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ, ತಮಿಳರ ಬಾಯಲ್ಲಿ ಪೊನ್ನೈಯಾರ್ ಆಗುತ್ತದೆ, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕಡಲೂರಿನ ಬಂದರಿನಲ್ಲಿ ತೊರಕೆ ಇಳಿಯುತ್ತದೆ. ನನಗೆ ಅಷ್ಟು ನೆಂಟಸ್ತಿಕೆ ಸಾಕು.

ತೊರಕೆ ಎಂಬ ಮಾತೇ ನಿಮ್ಮಲ್ಲಿ ಅನೇಕರಿಗೆ ಹೊಸದಿರಬಹುದು. ಅದು ಮಂಗಳೂರು, ಉಡುಪಿ ಕಡೆಯ ಮಾತು, ತುಳುವಿನಲ್ಲೂ ಅದೇ. ಮೀನನ್ನು ಮಾತ್ರ ನೀವು ಕಂಡಿದ್ದೀರಿ. ರಾಬರ್ಟ್‌ಸನ್‌ಪೇಟೆಯ ಕರುವಾಡಿನ, ಅಂದರೆ ಒಣಮೀನಿನ, ಅಂಗಡಿಯಲ್ಲಿ ಉಪ್ಪು ಬಿಳಿಚಿಕೊಂಡ ದಪ್ಪ ತುಂಡುಗಳನ್ನು ತೋರಿಸಿ ತಿರುಕ್ಕೈ ಎನ್ನುತ್ತಾರಲ್ಲ, ಅದೇ ಇದು. ತೆಲುಗು ಮಾತಾಡುವ ಮನೆಯವರು ಟೇಕು ಎನ್ನುತ್ತಾರೆ. ಗಣಿ ಕಾಲೊನಿಯ ಹಿರಿಯರಿಗೆ ಇನ್ನೂ ಒಂದು ಪರಿಚಯ ಇರುತ್ತದೆ: ತಿರುಕ್ಕೈ ಬಾಲದ ಚಾಟಿ. ತುಂಟ ಮಕ್ಕಳನ್ನು ಹೆದರಿಸಲು ಅದರ ಹೆಸರೊಂದೇ ಸಾಕಾಗುತ್ತಿತ್ತು. ತಟ್ಟೆಯಂತೆ ಚಪ್ಪಟೆ ಮೈ, ಎರಡು ಕಡೆ ರೆಕ್ಕೆಯಂತೆ ಅಗಲಿಸಿದ ಈಜುರೆಕ್ಕೆ, ಹಿಂದೆ ಚಾಟಿಯಂಥ ಬಾಲ, ಬಾಲದ ಬುಡದಲ್ಲಿ ವಿಷದ ಮುಳ್ಳು. ಶಾರ್ಕಿನ ದಾಯಾದಿ. ಮೈಯೊಳಗೆ ಮೂಳೆ ಎಂಬುದೇ ಇಲ್ಲ, ಎಲ್ಲ ಮೃದ್ವಸ್ಥಿ. ನಮ್ಮ ಹೊರಗಿವಿಯೊಳಗೆ ಇರುವಂಥದು.

ತೆಲುಗಿನ ಮಾತು ಬಂತು, ಹಾಗಾಗಿ ಒಂದು ಸಣ್ಣ ಸುತ್ತು. ನಮ್ಮ ಹೊಲದ ಬದುಗಳಲ್ಲಿ ಕೊಳಕುಮಂಡಲ ಎಂಬ ಹಾವಿದೆ, ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್. ಆ ರಸೆಲ್, ಅಂದರೆ ಪ್ಯಾಟ್ರಿಕ್ ರಸೆಲ್, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ವಿಶಾಖಪಟ್ಟಣದಲ್ಲಿದ್ದಾಗ ಇನ್ನೂರು ಮೀನುಗಳನ್ನು ಬರೆಸಿ, ವಿವರಿಸಿ, 1803ರಲ್ಲಿ ಪುಸ್ತಕ ತಂದ. ಅವನ ಒಳ್ಳೆಯ ಗುಣವೆಂದರೆ ಬೆಸ್ತರು ಹೇಳಿದ ತೆಲುಗು ಹೆಸರುಗಳನ್ನು ಬಿಡದೆ ಬರೆದುಕೊಂಡದ್ದು. ಅದರಲ್ಲಿ ಒಂದು ಸಣ್ಣ ತೊರಕೆ, ‘ವೋಲ್ಗ ಟೆಂಕಿ’. ಮುಂದೆ ಜರ್ಮನಿಯ ವಿದ್ವಾಂಸರು 1841ರಲ್ಲಿ ಆ ಮೀನಿಗೆ ಲ್ಯಾಟಿನ್ ಹೆಸರಿಡುವಾಗ ಅದನ್ನೇ ಎತ್ತಿಕೊಂಡರು. ಇವತ್ತಿಗೂ ಪ್ರಪಂಚದ ಯಾವ ಪ್ರಯೋಗಾಲಯದಲ್ಲೇ ಆಗಲಿ ಆ ಮೀನು ‘ವಾಲ್ಗ’. ಹೆಸರು ಕೇಳಿ ಬರೆದುಕೊಂಡ ಒಬ್ಬ ಮನುಷ್ಯನಿಂದ ವಿಶಾಖಪಟ್ಟಣದ ಬೆಸ್ತರ ಮಾತು ಇನ್ನೂರು ವರ್ಷ ಉಳಿಯಿತು. ಈ ಸಂಗತಿಗೆ ಮತ್ತೆ ಬರುತ್ತೇನೆ.

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. 1969ರಲ್ಲಿ ಶುರುವಾದ ಅದು ನಮ್ಮ ದೇಶದಲ್ಲೇ ಮೊದಲನೆಯದು. ಕೋಲಾರದ ಕಡೆಯ ಹುಡುಗ, ಕೆರೆಯ ಮೀನು ಬಿಟ್ಟರೆ ಬೇರೆ ಗೊತ್ತಿಲ್ಲ. ಮೊದಲ ಸಲ ಬೆಳಗಿನ ಜಾವ ಮೀನು ಇಳಿಸುವ ಧಕ್ಕೆಗೆ ಹೋದಾಗ ಕಂಡದ್ದನ್ನು ಹೇಳುತ್ತೇನೆ. ಟ್ರಾಲ್ ಬೋಟಿನಿಂದ ಬುಟ್ಟಿ ಬುಟ್ಟಿ ಬಂಗುಡೆ, ಮದಿಮಲ್, ಬೊಂಡಾಸ್ ಇಳಿಯುತ್ತಿತ್ತು. ಕೊನೆಗೆ ನಾಲ್ಕು ಜನ ಸೇರಿ ಒಂದು ತೊರಕೆಯನ್ನು ಎಳೆದು ತಂದು ಕಾಂಕ್ರೀಟಿನ ಮೇಲೆ ಮಗುಚಿ ಹಾಕಿದರು. ಬೆನ್ನು ಮಣ್ಣಿನ ಬಣ್ಣ, ಹೊಟ್ಟೆ ಸುಣ್ಣದಂತೆ ಬಿಳಿ. ಬಾಯಿ ಇರುವುದು ಹೊಟ್ಟೆಯ ಕಡೆ. ಅದರ ಮೇಲೆ ಎರಡು ಮೂಗಿನ ಹೊಳ್ಳೆ. ನೋಡಿದರೆ ಯಾರೋ ಅಳುತ್ತಿರುವ ಮುಖದ ಹಾಗೆ. ಕಣ್ಣು ಅದಲ್ಲ, ಕಣ್ಣು ಬೆನ್ನಿನ ಮೇಲಿದೆ ಎಂದು ಗೊತ್ತಿದ್ದರೂ ಹಾಗೆ ಅನ್ನಿಸುವುದು ತಪ್ಪುವುದಿಲ್ಲ. ಬಾಲವನ್ನು ಬೋಟಿನಲ್ಲೇ ಕಡಿದಿದ್ದರು, ಮುಳ್ಳು ತಾಗಬಾರದೆಂದು. ಅದಕ್ಕೇ ತೊರಕೆಯ ಉದ್ದ ಅಳೆಯುವುದರಲ್ಲಿ ಅರ್ಥವಿಲ್ಲ. ರೆಕ್ಕೆಯ ತುದಿಯಿಂದ ತುದಿಗೆ ಅಗಲ ಅಳೆಯಬೇಕು. ನಾನು ಟೇಪು ಹಿಡಿದು ಬಗ್ಗಿದೆ. ಅಷ್ಟರಲ್ಲಿ ಅದರ ಹೊಟ್ಟೆ ಒಮ್ಮೆ ಸೆಟೆಯಿತು, ಒಂದು ಮರಿ ಹೊರಗೆ ಜಾರಿತು.

ಅಂಗೈಗಿಂತ ಸ್ವಲ್ಪ ದೊಡ್ಡದು. ಎರಡೂ ರೆಕ್ಕೆ ಮೈಗೆ ಸುತ್ತಿಕೊಂಡು, ಮಡಿಸಿದ ವೀಳ್ಯದೆಲೆಯ ಹಾಗಿತ್ತು. ತೊರಕೆ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ತಾಯಿಯ ಗರ್ಭದಲ್ಲಿ ಹಾಲಿನಂಥ ದ್ರವ ಒಸರುತ್ತದೆ, ಮರಿ ಅದನ್ನು ಕುಡಿದು ಬೆಳೆಯುತ್ತದೆ. ಬಲೆಯಲ್ಲಿ ಸಿಕ್ಕಿ ಹಿಂಸೆಯಾದಾಗ ಬಸುರಿ ತೊರಕೆ ಹೀಗೆ ಅಕಾಲದಲ್ಲಿ ಹೆರುವುದುಂಟು. ಹರಾಜಿನವರು ಆ ಮರಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ತಾಯಿಯ ತೂಕ ಕೂಗಿದರು. ನನ್ನ ಪಟ್ಟಿಯಲ್ಲಿ ಆ ದಿನ ಒಂದು ತೊರಕೆ ಎಂದು ಬರೆದೆ. ಬರೆದ ಮೇಲೆ, ಒಂದೋ ಎರಡೋ ಎಂಬ ಅನುಮಾನ ಬಂತು. ಲೆಕ್ಕದ ಕಷ್ಟ ನನಗೆ ಶುರುವಾದದ್ದು ಅಲ್ಲಿ.

ಬಂಗುಡೆ, ಬೂತಾಯಿ ಸಾವಿರಗಟ್ಟಲೆ ಮೊಟ್ಟೆ ಇಡುವ ಜಾತಿ. ಒಂದು ವರ್ಷ ಕೆಟ್ಟರೆ ಮುಂದಿನ ವರ್ಷ ತುಂಬಿಕೊಳ್ಳುತ್ತವೆ. ತೊರಕೆ ಸಾಮಾನ್ಯವಾಗಿ ಬೆರಳೆಣಿಕೆಯ ಮರಿ ಹಾಕುತ್ತದೆ. ದೊಡ್ಡ ಮಾಂಟಾ ತೊರಕೆ ಸುಮಾರು ಒಂದು ವರ್ಷ ಬಸುರಿಯಾಗಿದ್ದು ಒಂದೇ ಮರಿ ಹಾಕುತ್ತದೆ. ಮತ್ತೊಂದಕ್ಕೆ ಎರಡು ವರ್ಷ, ಕೆಲವೊಮ್ಮೆ ಐದು ವರ್ಷ. ಹಸು ಸಾಕುವ ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿಗೆಯಿಂದ ವರ್ಷಕ್ಕೆ ಹುಟ್ಟುವುದಕ್ಕಿಂತ ಹೆಚ್ಚು ತಲೆ ಮಾರಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ವ್ಯತ್ಯಾಸ ಒಂದೇ: ಕೊಟ್ಟಿಗೆಯಲ್ಲಿ ಉಳಿದದ್ದು ಎಷ್ಟೆಂದು ನೀವು ಎಣಿಸಬಲ್ಲಿರಿ.

ಸಮುದ್ರದಲ್ಲಿ ಎಣಿಸುವುದು ಹೇಗೆ? ನಮ್ಮ ದೇಶದಲ್ಲಿ ಈ ಕೆಲಸ ಬಹುಪಾಲು ಧಕ್ಕೆಯಲ್ಲೇ ನಡೆಯುತ್ತದೆ. 1947ರಲ್ಲಿ ಹುಟ್ಟಿದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲೂ ಕೇಂದ್ರವಿದೆ. ಅವರದೊಂದು ಅಚ್ಚುಕಟ್ಟಾದ ಪದ್ಧತಿ. ಎಲ್ಲ ಧಕ್ಕೆಗಳಲ್ಲೂ ಎಲ್ಲ ದಿನ ನಿಲ್ಲಲಾಗುವುದಿಲ್ಲವಲ್ಲ. ತಿಂಗಳನ್ನು ಹತ್ತು ಹತ್ತು ದಿನಕ್ಕೆ ಒಡೆದು, ಚೀಟಿ ಎತ್ತಿದ ಹಾಗೆ ದಿನಗಳನ್ನು ಆರಿಸುತ್ತಾರೆ. ಮೊದಲ ದಿನ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರು, ಮರುದಿನ ಬೆಳಗ್ಗೆ ಆರರಿಂದ ಹನ್ನೆರಡು. ನಡುವಿನ ರಾತ್ರಿ ಬಂದದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಹದಿನೈದರೊಳಗೆ ದೋಣಿ ಬಂದರೆ ಎಲ್ಲವನ್ನೂ ನೋಡಬೇಕು. ಐವತ್ತು ದಾಟಿದರೆ ಐದಕ್ಕೆ ಒಂದು. ಅದರಿಂದ ಇಡೀ ರಾಜ್ಯದ ಅಂದಾಜು. ಪರೀಕ್ಷೆಗೆ ಓದಿದಾಗ ಬೇಸರ ತರಿಸಿದ ಈ ನಿಯಮಗಳ ಮೇಲೆ ನನಗೆ ಈಗ ದೊಡ್ಡ ಗೌರವ. ಮಳೆಯಲ್ಲಿ ನೆನೆಯುತ್ತ ದಶಕಗಟ್ಟಲೆ ಹೀಗೆ ಬರೆದಿಟ್ಟವರು ಇಲ್ಲದಿದ್ದರೆ ಇವತ್ತು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಆದರೂ ಧಕ್ಕೆಯ ಲೆಕ್ಕ ಸಮುದ್ರದ ಲೆಕ್ಕವಲ್ಲ. ನಾನು ಇಲ್ಲಿಗೆ ಬಂದದ್ದು ಈ ಒಂದು ಮಾತನ್ನು ಹೇಳಲು. ಮತ್ತು ಇದನ್ನು ಹೇಳಲು ಬೂದಿಕೋಟೆಗಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ, ಏಕೆಂದರೆ ಕೆಜಿಎಫ್, ಕೋಲಾರದ ಚಿನ್ನದ ಗಣಿ, ಹತ್ತಿರದಲ್ಲಿದೆ.

ಚಿನ್ನದ ಗಣಿಯ ಕತೆ ಎಲ್ಲರಿಗೂ ಗೊತ್ತು. ಅದೇ ಗಣಿಯೊಳಗೆ 1950ರ ದಶಕದ ಆರಂಭದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಬೇರೊಂದನ್ನು ಹುಡುಕುತ್ತಿದ್ದರು. ಹೋಮಿ ಭಾಭಾ ಕಳುಹಿಸಿದ ಬಿ.ವಿ. ಶ್ರೀಕಂಠನ್ ಈ ಕೆಲಸಕ್ಕೆ ಮೊದಲು ಇಳಿದವರು. ಆಕಾಶದಿಂದ ಸುರಿಯುವ ಕಣಗಳು ಬಂಡೆಯನ್ನು ತೂರಿ ಎಷ್ಟು ಆಳಕ್ಕೆ ಬರುತ್ತವೆ ಎಂದು ಎಣಿಸುವ ಕೆಲಸ ಅದು. ಇಳಿದಷ್ಟೂ ಎಣಿಕೆ ಕಡಿಮೆ. 1960ರ ದಶಕದ ಮೊದಲಲ್ಲಿ, ಎರಡೂವರೆ ಕಿಲೋಮೀಟರಿಗೂ ಆಳದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಒಂದೂ ಬರಲಿಲ್ಲ. ಸೊನ್ನೆ. ಅವರು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗಲಿಲ್ಲ. ಉಪಕರಣ ಎಷ್ಟು ಅಗಲ, ಎಷ್ಟು ದಿನ ಎಚ್ಚರವಾಗಿತ್ತು ಎಂಬ ಲೆಕ್ಕ ಕೈಯಲ್ಲಿತ್ತು. ಹಾಗಾಗಿ ಆ ಸೊನ್ನೆಗೆ ಅರ್ಥ ಬಂತು: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊ ಎಂಬ ಕಣ ಬಂದರೆ ಗುರುತು ಸಿಗುತ್ತದೆ ಎಂದು. 1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಸುಳಿವನ್ನು ಜಗತ್ತಿನಲ್ಲಿ ಮೊದಲು ಕಂಡ ಜಾಗಗಳಲ್ಲಿ ನಮ್ಮ ಚಾಂಪಿಯನ್ ರೀಫ್ ಗಣಿ ಒಂದು.

ತೊರಕೆಗೆ ಇದನ್ನು ಹಚ್ಚಿ ನೋಡಿ. ಹಿಂದೆ ಬೋಟು ಬೆಳಗ್ಗೆ ಹೋಗಿ ಸಂಜೆ ಬರುತ್ತಿತ್ತು. ಈಗ ಆಳಸಮುದ್ರದ ಟ್ರಾಲ್ ಬೋಟು ಹೊರಟರೆ ಹತ್ತು ದಿನ ನೀರಿನಲ್ಲೇ, ಮಂಜುಗಡ್ಡೆ, ಅಕ್ಕಿ, ಡೀಸೆಲ್ ತುಂಬಿಕೊಂಡು. ಅಂದು ಒಂದು ಬೋಟು ಒಂದು ಸಲಕ್ಕೆ ಹತ್ತು ತೊರಕೆ ತರುತ್ತಿತ್ತು, ಇಂದೂ ಹತ್ತು ತರುತ್ತದೆ ಎಂದಿಟ್ಟುಕೊಳ್ಳಿ. ಧಕ್ಕೆಯಲ್ಲಿ ನಿಂತವನಿಗೆ ಏನೂ ಬದಲಾಗಿಲ್ಲ. ದಿನದ ಲೆಕ್ಕ ಹಾಕಿದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಬಲೆಯೂ ದೊಡ್ಡದಾಗಿದೆ, ಯಂತ್ರವೂ ಬಲವಾಗಿದೆ ಎಂದು ಸೇರಿಸಿದರೆ ಇನ್ನೂ ಕಡಿಮೆ. ಹುಡುಕಿದ ಶ್ರಮ ಗೊತ್ತಿಲ್ಲದೆ ಸಿಕ್ಕಿದ್ದರ ಸಂಖ್ಯೆ ಹಿಡಿದುಕೊಂಡು ಕೂತರೆ ಮೋಸ ಹೋಗುತ್ತೇವೆ.

ತಿರುಗುಮುರುಗಿನ ಮೋಸವೂ ಇದೆ. ಕೆಲವು ಜಾತಿಯ ತೊರಕೆ ಹಿಂಡು ಕಟ್ಟಿಕೊಂಡು ಮೇಲ್ಮಟ್ಟದಲ್ಲಿ ಸಾಗುತ್ತವೆ. ಪರ್ಸೀನ್ ಬಲೆ ಅಂಥ ಹಿಂಡಿನ ಸುತ್ತ ಬಿದ್ದರೆ ಒಂದೇ ದಿನ ಧಕ್ಕೆ ತುಂಬ ತೊರಕೆ. ಮರುದಿನ ಪತ್ರಿಕೆಯಲ್ಲಿ ‘ಭರ್ಜರಿ ಬೇಟೆ’. ಅದು ಸಮೃದ್ಧಿಯ ಗುರುತಲ್ಲ. ಒಂದು ಊರಿನವರೆಲ್ಲ ಮದುವೆಗೆ ಹೊರಟ ಬಸ್ಸು ಉರುಳಿದ ಹಾಗೆ. ಇನ್ನು ಅಂಗೈಯಗಲದ ಸಣ್ಣ ತೊರಕೆಗಳು, ರಸೆಲನ ವಾಲ್ಗದಂಥವು, ಹರಾಜಿಗೇ ಬರುವುದಿಲ್ಲ. ಕಸದ ಮೀನಿನ ರಾಶಿಯೊಳಗೆ ಸೇರಿ ಉಳ್ಳಾಲದ ಕಡೆಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗಿ, ಕೋಳಿ ಮತ್ತು ಸಿಗಡಿಯ ಆಹಾರವಾಗುತ್ತವೆ. ನಿಮ್ಮೂರಿನ ಕೋಳಿಫಾರಂನಲ್ಲಿ ತೊರಕೆಯ ಪಾಲು ಇದ್ದರೂ ಇದ್ದೀತು.

ಮತ್ತೆ ಹೆಸರಿನ ಮಾತಿಗೆ ಬರೋಣ. 2020ರ ಅಕ್ಟೋಬರಿನಲ್ಲಿ ಮಲ್ಪೆಯ ಬೋಟೊಂದಕ್ಕೆ ಎರಡು ದೈತ್ಯ ತೊರಕೆಗಳು ಸಿಕ್ಕವು, ಒಂದು 750 ಕಿಲೋ, ಇನ್ನೊಂದು 250. ಕ್ರೇನಿನಲ್ಲಿ ಎತ್ತಿ ಇಳಿಸಿದ ಚಿತ್ರ ದೇಶವೆಲ್ಲ ಸುತ್ತಿತು. ಕೆಲವರು ಕೊಂಬು ತೊರಕೆ ಎಂದರು, ಕೆಲವರು ಮಾಂಟಾ, ಇನ್ನು ಕೆಲವರು ಸ್ಟಿಂಗ್‌ರೇ. ತೂಕ ಎಲ್ಲರಿಗೂ ಗೊತ್ತಾಯಿತು. ಮರುವರ್ಷ ಮಾರ್ಚಿನಲ್ಲಿ ಅದೇ ಮಲ್ಪೆಯಲ್ಲಿ ಗರಗಸ ಮೀನು ಸಿಕ್ಕಿತು. ಸುದ್ದಿಯಲ್ಲಿ ಅದು ‘ಕಾರ್ಪೆಂಟರ್ ಶಾರ್ಕ್’. ಹೆಸರಿನಲ್ಲಿ ಶಾರ್ಕ್ ಇದ್ದರೂ ಗರಗಸ ಮೀನು ತೊರಕೆಯ ಕುಲಕ್ಕೇ ಸೇರಿದ್ದು; ಕಿವಿರಿನ ಸೀಳು ಹೊಟ್ಟೆಯ ಕಡೆ ಇದ್ದರೆ ತೊರಕೆ, ಪಕ್ಕದಲ್ಲಿದ್ದರೆ ಶಾರ್ಕ್, ಅಷ್ಟೇ ಪರೀಕ್ಷೆ. 2001ರಿಂದ ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಹುಲಿಯ ಸಾಲಿನದು.

ಆ 2001ರ ಪಟ್ಟಿಯಲ್ಲೇ ಒಂದು ತಮಾಷೆ ಇದೆ, ನಗಲೋ ಬೇಡವೋ ತಿಳಿಯುವುದಿಲ್ಲ. ಗಿಟಾರ್ ಮೀನು ಎಂಬ ದೊಡ್ಡ ಜಾತಿಯೊಂದನ್ನು ರಕ್ಷಿಸಲು ಅದರ ಲ್ಯಾಟಿನ್ ಹೆಸರು ಬರೆದರು: ರಿಂಕೊಬ್ಯಾಟಸ್ ಜಿಡೆನ್ಸಿಸ್. ಆಮೇಲೆ ವಿಜ್ಞಾನಿಗಳು ಸರಿಯಾಗಿ ನೋಡಿದಾಗ ಆ ಜಾತಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗದ್ದು, ಕೆಂಪು ಸಮುದ್ರದಿಂದ ದಕ್ಷಿಣ ಆಫ್ರಿಕದವರೆಗಿನದು ಎಂದಾಯಿತು. ನಮ್ಮ ಬಲೆಗೆ ಬೀಳುವವು ಅದರ ನೆಂಟರು, ಬೇರೆ ಜಾತಿಯವು. ವಾರಂಟು ಬೇರೆಯವನ ಹೆಸರಿಗೆ ಹೋದ ಹಾಗಾಯಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಪಟ್ಟಿ ಉದ್ದವಾಗಿದೆ. ಆದರೆ ಪಟ್ಟಿ ಉದ್ದವಾದಷ್ಟೂ ಧಕ್ಕೆಯಲ್ಲಿ ನಿಂತವನಿಗೆ ಯಾವುದು ಯಾವುದೆಂದು ಗುರುತಿಸುವ ಕಣ್ಣು ಬೇಕು. ನಮ್ಮ ಪ್ರಕಟಿತ ಒಟ್ಟು ಅಂಕಿಗಳಲ್ಲಿ ಬಹುಕಾಲ ಇದ್ದದ್ದು ಮೂರು ಸಾಲು: ಶಾರ್ಕ್, ತೊರಕೆ, ತೊರಕೆಯ ನೆಂಟ ಸ್ಕೇಟ್. ಪ್ರಪಂಚದಲ್ಲಿ ತೊರಕೆಯ ಕುಲದ್ದೇ ಆರುನೂರಕ್ಕೂ ಹೆಚ್ಚು ಜಾತಿಗಳಿವೆ. ರಾಗಿ, ಭತ್ತ, ಜೋಳ, ಹುರುಳಿ ಎಲ್ಲವನ್ನೂ ಕಾಳು ಎಂದು ಒಂದೇ ಸಾಲಿನಲ್ಲಿ ಬರೆದರೆ ರಾಗಿ ಹೋಯಿತೋ ಇದೆಯೋ ಹೇಗೆ ತಿಳಿಯಬೇಕು?

ಇನ್ನು ಓಡಾಟ. ಮಲ್ಪೆಯಲ್ಲಿ ಇಳಿದ ತೊರಕೆ ಮಲ್ಪೆಯದೇ ಎನ್ನುವಂತಿಲ್ಲ. ಹತ್ತು ದಿನದ ಬೋಟು ಗೋವಾ, ಮಹಾರಾಷ್ಟ್ರದ ನೀರಿಗೂ ಹೋಗಿ ಬರುತ್ತದೆ. ಎಲ್ಲಿ ಸಿಕ್ಕಿತೆಂದು ಗೊತ್ತಿರುವುದು ಬೋಟು ನಡೆಸುವ ತಂಡೇಲನಿಗೆ, ಅವನ ಜಿಪಿಎಸ್ಸಿಗೆ. ಮೀನಿನ ಜಾಗವನ್ನು ಅವನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಯಾಕೆ ಬಿಡಬೇಕು? ಹೊರದೇಶಗಳಲ್ಲಿ ತೊರಕೆಯ ಮೈಗೆ ಶಬ್ದ ಹೊರಡಿಸುವ ಸಣ್ಣ ಟ್ಯಾಗು ಕೂರಿಸಿ, ಸಮುದ್ರದ ತಳದಲ್ಲಿ ಕೇಳುವ ಉಪಕರಣ ನೆಟ್ಟು ಕಾಯುತ್ತಾರೆ. ಮೀನು ಕೆಲವು ನೂರು ಮೀಟರ್ ಹತ್ತಿರ ಬಂದರೆ ಅದರ ಗುರುತು ದಾಖಲಾಗುತ್ತದೆ. ನಮ್ಮ ಟ್ರಾಲ್ ಬಲೆ ಗುಡಿಸುವ ತಳದಲ್ಲಿ ಅಂಥ ಉಪಕರಣ ನೆಟ್ಟರೆ ಅದೇ ಮೊದಲು ಹರಾಜಿಗೆ ಬರುತ್ತದೆಂದು ನನ್ನ ಅನುಮಾನ. ಇನ್ನೊಂದು ದಾರಿಗೆ ಕ್ಯಾಮೆರಾ ಸಾಕು. ಮಾಂಟಾದ ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆಗಳು ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ, ಒಂದರದು ಇನ್ನೊಂದಕ್ಕಿಲ್ಲ. ಮಾಲ್ಡೀವ್ಸ್‌ನಲ್ಲಿ ಮುಳುಗುಗಾರರು ತೆಗೆದ ಚಿತ್ರಗಳಿಂದಲೇ ಐದು ಸಾವಿರಕ್ಕೂ ಹೆಚ್ಚು ಮಾಂಟಾಗಳನ್ನು ಒಂದೊಂದಾಗಿ ಗುರುತಿಸಿ ಇಟ್ಟಿದ್ದಾರೆ. ಅಲ್ಲಿನ ಹನಿಫಾರು ಎಂಬ ಸಣ್ಣ ಕೊಲ್ಲಿಗೆ ನೈರುತ್ಯ ಮುಂಗಾರಿನಲ್ಲಿ ಅವು ಜಾತ್ರೆಗೆ ಬಂದಂತೆ ಬರುತ್ತವೆ. 2009ರಿಂದ ಅದು ರಕ್ಷಿತ ಪ್ರದೇಶ. ನಮ್ಮಲ್ಲೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಮುಳುಗಲು ಹೋಗುವವರಿದ್ದಾರೆ. ಸೆಲ್ಫಿಯ ಜತೆಗೆ ತೊರಕೆಯ ಹೊಟ್ಟೆಯದೂ ಒಂದು ಚಿತ್ರ ತೆಗೆದರೆ ಖರ್ಚೇನೂ ಹೆಚ್ಚಿಲ್ಲ.

ಚಿತ್ರದಿಂದ ಒಟ್ಟು ಸಂಖ್ಯೆ ಹೇಗೆ ಬರುತ್ತದೆ ಎಂದು ಒಬ್ಬ ಹುಡುಗ ಕೇಳುವ ಮುಖ ಮಾಡಿದ್ದಾನೆ. ಮಾರ್ಕಂಡೇಯ ಜಲಾಶಯದಲ್ಲಿ 60 ಕಾಟ್ಲಾ ಹಿಡಿದು ರೆಕ್ಕೆಯ ತುದಿ ಸ್ವಲ್ಪ ಕತ್ತರಿಸಿ ಬಿಟ್ಟೆವೆನ್ನಿ. ಅವು ಉಳಿದವುಗಳ ಜತೆ ಬೆರೆಯಲಿ. ವಾರದ ಮೇಲೆ ಮತ್ತೆ 50 ಹಿಡಿದರೆ ಅದರಲ್ಲಿ 6ಕ್ಕೆ ಗುರುತಿದೆ. ಐವತ್ತರಲ್ಲಿ ಆರು ಅಂದರೆ ಇಡೀ ನೀರಿನಲ್ಲೂ ಸುಮಾರು ಅದೇ ಪಾಲು. 60ನ್ನು 50ರಿಂದ ಗುಣಿಸಿ 6ರಿಂದ ಭಾಗಿಸಿ, 500. ಗುರುತು ಹಾಕಿದ ಮೀನು ಓಡಿಹೋಗದಿದ್ದರೆ, ಸಾಯದಿದ್ದರೆ ಎಂಬ ಷರತ್ತುಗಳಿವೆ. ಸಮುದ್ರಕ್ಕೆ ಬೇಲಿಯಿಲ್ಲದ್ದರಿಂದ ಅಲ್ಲಿ ಲೆಕ್ಕ ಜಟಿಲವಾಗುತ್ತದೆ, ಉಪಾಯ ಮಾತ್ರ ಇದೇ.

ಜಗತ್ತಿನ ಲೆಕ್ಕವನ್ನು ಎರಡೇ ಸಾಲಿನಲ್ಲಿ ಹೇಳುತ್ತೇನೆ, ಹೊತ್ತಾಯಿತು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳು 1970ರಿಂದ ಈಚೆಗೆ ಶೇಕಡಾ 71ರಷ್ಟು ಇಳಿದಿವೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಈ ಇಡೀ ವರ್ಗದ ಮೂರನೇ ಒಂದಕ್ಕೂ ಹೆಚ್ಚು ಜಾತಿಗಳು ಅಳಿವಿನ ಅಂಚಿಗೆ ಸರಿದಿವೆ ಎಂಬುದು ಅದೇ ವರ್ಷದ ಇನ್ನೊಂದು ಎಣಿಕೆ. ಮೀನುಗಾರರನ್ನು ಬೈದು ಮುಗಿಸುವ ಭಾಷಣ ನನ್ನದಲ್ಲ. ತೊರಕೆಗಾಗಿಯೇ ಹೊರಟ ಬೋಟು ಕಡಿಮೆ. ಬೇರೆ ಮೀನಿಗೆ ಹಾಕಿದ ಬಲೆಯಲ್ಲಿ ಅದು ಸಿಗುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಒಂದು ವರ್ಷ ಬಸುರಿಯಾಗಿರುವ ಪ್ರಾಣಿಗೆ ಎರಡು ತಿಂಗಳ ರಜೆ ಎಷ್ಟು ಸಾಕೆಂದು ನೀವೇ ಹೇಳಿ. ಜೀವಂತ ಸಿಕ್ಕ ಬಸುರಿಯನ್ನು ಅಲ್ಲೇ ಬಿಟ್ಟ ತಂಡೇಲನಿಗೆ ಆ ತೂಕದ ಹಣ ಕೊಡುವ ವ್ಯವಸ್ಥೆ ಬೇಕು ಎಂಬುದು ನನ್ನ ಅಭಿಪ್ರಾಯ. ಕಾಯ್ದೆಗಿಂತ ಅದು ಬೇಗ ಕೆಲಸ ಮಾಡುತ್ತದೆ.

ನಿಮ್ಮ ಪಾಲಿನ ಕೆಲಸವೂ ಒಂದಿದೆ. ಈ ಊರು ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊ ನಡೆಸಿದ ಊರು; ಕೇಳಿ ಬರೆದುಕೊಳ್ಳುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕಡಲೂರು, ಚೆನ್ನೈ, ಮಂಗಳೂರಿನ ಒಣಮೀನು ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳಿಗೆ ಬರುತ್ತದೆ. ಕಿಟಕಿಯ ಹತ್ತಿರ ನಿಂತುಕೊಂಡೇ ಇರುವ ಹುಡುಗರೆ, ನಿಮ್ಮ ಶಾಲೆಗೆ ಒಂದು ನೋಟ್‌ಬುಕ್ ತಂದಿದ್ದೇನೆ, ಮೇಷ್ಟ್ರ ಕೈಯಲ್ಲಿದೆ. ಸಂತೆಗೆ ಹೋದಾಗ ತಿರುಕ್ಕೈ ಇದೆಯಾ ಎಂದು ಕೇಳಿ. ಇದ್ದರೆ ಅಂಗಡಿಯವರು ಅದಕ್ಕೆ ಏನೆನ್ನುತ್ತಾರೆ, ಯಾವ ಊರಿನದು, ಕಿಲೋಗೆ ಎಷ್ಟು ಎಂದು ತಾರೀಖು ಹಾಕಿ ಬರೆಯಿರಿ. ಹೆಸರನ್ನು ಅವರು ಹೇಳಿದ ಹಾಗೆಯೇ, ತಮಿಳಾದರೆ ತಮಿಳು, ತೆಲುಗಾದರೆ ತೆಲುಗು, ತಿದ್ದಬೇಡಿ. ಎಷ್ಟು ಅಂಗಡಿ ನೋಡಿದಿರಿ ಎಂಬುದಕ್ಕೂ ಒಂದು ಕಾಲಂ ಇದೆ. ಇಲ್ಲ ಎಂದ ದಿನ ಪುಟ ಖಾಲಿ ಬಿಡಬೇಡಿ, ಸೊನ್ನೆ ಹಾಕಿ.